ಗಾಯವಾದ ಸ್ಥಳ

ಮನೆಯಲ್ಲಿ ಸದ್ದು ಮಾಡುವ ಒಂದು ವಸ್ತುವನ್ನೂ ಮಾವ ಹಾಗೇ ಬಿಟ್ಟಿರಲಿಲ್ಲ. ಬಾಗಿಲ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟಿದ್ದರು. ಬೀರುವಿನ ಕಾಲಡಿಗೆ ಹಳೆ ಚಪ್ಪಲಿಯ ತುಂಡು ಕೊಟ್ಟಿದ್ದರು. ಕಿಟಕಿಯ ಚೌಕಟ್ಟಿಗೆ ಬಟ್ಟೆಯ ಪಟ್ಟಿ ಅಂಟಿಸಿದ್ದರು. ನಲವತ್ತು ವರ್ಷ ಬಡಗಿ ಕೆಲಸ ಮಾಡಿದವರಿಗೆ ಮರ ಎಲ್ಲಿ ಕೂಗುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅತ್ತೆ ಬೆಳ್ಳುಳ್ಳಿ ಕುಟ್ಟುವುದನ್ನು ಬಿಟ್ಟು ಚಾಕುವಿನಲ್ಲಿ ಹೆಚ್ಚುತ್ತಿದ್ದರು.

ಧಡ್ ಎಂದು ಏನಾದರೂ ಬಿದ್ದರೆ ಅವರ ಚಿಕ್ಕ ಮಗ ಉಣ್ಣುವ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದ. ಅದಕ್ಕೆ.

ಅವನು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಕಟಿಂಗ್ ಮಷೀನಿನ ಕೆಲಸದವನು. ಮೂರು ವಾರದ ಹಿಂದೆ ಮಷೀನಿನ ಅಲಗು ಅವನ ಬಲಗೈಯ ಮೇಲೆ ಬಿದ್ದಿತ್ತು. ಕಿರುಬೆರಳಿಂದ ಹಿಡಿದು ಮೂರು ಬೆರಳು ಹೋದವು. ತೋರುಬೆರಳು ಉಳಿಯಿತು. ಹೆಬ್ಬೆರಳೂ ಉಳಿಯಿತು, ಆದರೆ ಬುಡದ ನರ ತುಂಡಾಗಿ ಗೂಟದ ಹಾಗೆ ನೆಟ್ಟಗೆ ನಿಂತುಬಿಟ್ಟಿತು. ಇನ್ನೊಂದು ಆಪರೇಷನ್ ಮಾಡಿದರೆ ಮಡಚುತ್ತದೆ ಎಂದು ಡಾಕ್ಟರು ಹೇಳಿದ್ದರು. ಎರಡು ತಿಂಗಳ ಒಳಗೆ ಆಗಬೇಕು. ತಡವಾದರೆ ನರ ಒಳಗೇ ಕುಗ್ಗಿ ಅಂಟಿಕೊಳ್ಳುತ್ತದೆ, ಆಮೇಲೆ ಯಾರೂ ಏನೂ ಮಾಡುವಂತಿಲ್ಲ.

"ಹೆಬ್ಬೆರಳು ಮಡಚಿದ್ರೆ ಅದು ಕೈ," ಎಂದಿದ್ದರು ಮಾವ. "ಮಡಚದಿದ್ರೆ ಸೌಟು."

ಕೆಲಸದಲ್ಲಿ ಆದ ಗಾಯಕ್ಕೆ ಕಾರ್ಮಿಕರ ವಿಮಾ ಕಚೇರಿ ಖರ್ಚು ಕೊಡಬೇಕು. ಮೊದಲ ಆಪರೇಷನ್ನಿನ ಬಿಲ್ಲು ಅಲ್ಲಿಗೆ ಹೋಗಿತ್ತು. ಅದು ಪಾಸಾದರೆ ಎರಡನೆಯದಕ್ಕೂ ದಾರಿ. ಆ ಕಚೇರಿಯಿಂದ ಶನಿವಾರ ಬೆಳಿಗ್ಗೆ ಒಂದು ಲಕೋಟೆ ಬಂತು. ಮಾವ ಅದನ್ನು ಅಡುಗೆಮನೆಗೆ ತಂದು ಸೊಸೆಯ ಕೈಗೆ ಕೊಟ್ಟರು.

"ಓದಮ್ಮ. ಈ ಭಾಷೆ ನಿನಗೇ ಗೊತ್ತು."

ಗೊತ್ತಿತ್ತು. ಸೊಸೆ ಆಸ್ಪತ್ರೆಯ ಬಿಲ್ ವಿಭಾಗದಲ್ಲಿ ಗುಮಾಸ್ತೆ. ವಿಮೆಯವರು ಆಗುವುದಿಲ್ಲ ಎಂದು ವಾಪಸ್ ಕಳಿಸಿದ ಬಿಲ್ಲುಗಳಿಗೆ ಬೇಕಾದ ಕಾಗದ ಹುಡುಕಿ, ಮತ್ತೆ ಕಟ್ಟಿ ಕಳಿಸುವುದು ಒಂಬತ್ತು ವರ್ಷದಿಂದ ಅವಳ ಕೆಲಸ. ಇಂಥ ಪತ್ರಗಳನ್ನು ದಿನಕ್ಕೆ ಇಪ್ಪತ್ತು ಓದುತ್ತಿದ್ದಳು. ಮನೆಯ ವಿಳಾಸಕ್ಕೆ ಬಂದದ್ದು ಇದೇ ಮೊದಲು.

"ಆಸ್ಪತ್ರೆಯ ದಾಖಲಾತಿ ಚೀಟಿಯಲ್ಲಿ ಗಾಯವಾದ ಸ್ಥಳ ಮನೆ ಎಂದೂ, ಗಾಯದ ಕಾರಣ ಮರ ಕೊಯ್ಯುವ ಯಂತ್ರ ಎಂದೂ ಬರೆಯಲಾಗಿದೆ. ಕಾರ್ಖಾನೆಯ ಹಾಜರಿ ಪುಸ್ತಕದಂತೆ ಸದರಿ ಕಾರ್ಮಿಕರು ಆ ದಿನ ಹನ್ನೆರಡು ಗಂಟೆಗೆ ಕೆಲಸ ಬಿಟ್ಟು ತೆರಳಿದ್ದಾರೆ. ಆದ್ದರಿಂದ ಬಿಲ್ಲನ್ನು ತಿರಸ್ಕರಿಸಲಾಗಿದೆ."

ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಅತ್ತೆ ಮುಚ್ಚಳ ತೆಗೆದವರು ಅದನ್ನು ಕೆಳಗಿಡದೆ ಕೈಯಲ್ಲೇ ಹಿಡಿದು ನಿಂತರು.

"ಮರ ಕೊಯ್ಯೋ ಯಂತ್ರ ಅಂದ್ರೆ ನನ್ನದಾ?" ಅಂದರು ಮಾವ.

"ಹೆಸರೇನೂ ಹಾಕಿಲ್ಲ ಮಾವ."

"ಈ ಮನೇಲಿ ಇನ್ಯಾವುದಿದೆ? ಅದರ ಬೆಲ್ಟು ಬಿಚ್ಚಿ ಮೊಳೆಗೆ ನೇತುಹಾಕಿ ನಾಲ್ಕು ವರ್ಷ ಆಯ್ತು. ಅದರಲ್ಲಿ ಬೆಣ್ಣೆ ಕೊಯ್ಯಕ್ಕಾಗಲ್ಲ, ಬೆರಳು ಕೊಯ್ತಂತಾ?" ಅವರು ಹೊಸ್ತಿಲಿಗೆ ಹೋಗಿ ಕೂಗಿದರು. "ಏ, ಬಾರೋ ಇಲ್ಲಿ. ಹನ್ನೆರಡಕ್ಕೆ ಕೆಲಸ ಬಿಟ್ಟೆ ಅಂತ ಯಾರು ಬರೆದದ್ದು?"

ಮೈದುನ ಬಂದು ಬಾಗಿಲಿಗೆ ಒರಗಿದ. ಕಟ್ಟು ಹಾಕಿದ ಕೈಯನ್ನು ಎದೆಗೆ ಅವಚಿಕೊಂಡಿದ್ದ.

"ನಾನೇ."

"ಎರಡು ಗಂಟೆಗೆ ಬೆರಳು ಹೋದವನು ಹನ್ನೆರಡಕ್ಕೆ ಹೇಗೋ ಮನೆಗೆ ಬಂದೆ?"

"ಬರೋ ಟೈಮು, ಹೋಗೋ ಟೈಮು ಎರಡೂ ಬೆಳಿಗ್ಗೇನೇ ಬರೀತೀವಪ್ಪ. ಸಾಯಂಕಾಲ ಪುಸ್ತಕದ ಮುಂದೆ ಇನ್ನೂರು ಜನ ಸಾಲು. ಎಲ್ರೂ ಹಂಗೇ ಮಾಡೋದು. ಅವತ್ತು ಅಮ್ಮನ ಕನ್ನಡಕಕ್ಕೆ ಅಂಗಡಿಗೆ ಹೋಗಬೇಕಿತ್ತಲ್ಲ, ಹನ್ನೆರಡು ಅಂತ ಬರೆದೆ. ಆಮೇಲೆ ಯಾವಾಗ್ಲೂ ಶಿಳ್ಳೆ ಹೊಡೆಯೋ ನಮ್ಮ ಶಿಳ್ಳೆ ಮೇಸ್ತ್ರಿ ಬಂದು ಅರ್ಜೆಂಟ್ ಆರ್ಡರ್ ಇದೆ, ಎರಡು ಗಂಟೆ ನಿಲ್ಲು ಅಂದ. ನಿಂತೆ."

"ಹುಟ್ಟಿದ ದಿನಾನೇ ಸಾಯೋ ತಾರೀಖೂ ಬರೆಸಿಟ್ಟು ಬರಬೇಕಿತ್ತು ನೀನು. ಸಾಲು ಉಳೀತಿತ್ತು."

"ರೀ, ಬಿಡ್ತು ಅನ್ನಿ," ಅಂದರು ಅತ್ತೆ. "ನನ್ನ ಹಾಳು ಕಣ್ಣಿಗೋಸ್ಕರ ಆದದ್ದು. ಬಯ್ಯೋದಾದ್ರೆ ನನಗೆ ಬಯ್ರಿ."

"ನಿನಗೂ ಬಯ್ತೀನಿ, ಸರದಿ ಬರ್ಲಿ. ಮೊದಲು ಇದು ಹೇಳಿ. ಮನೆ ಅಂತ ಬರೆಸಿದವರು ಯಾರು?"

ಸೊಸೆ ಪತ್ರದ ಮೇಲಿಂದ ಕಣ್ಣೆತ್ತಲಿಲ್ಲ. "'ಮಾಹಿತಿ ಕೊಟ್ಟವರು: ಜೊತೆಗೆ ಬಂದವರು' ಅಂತ ಇದೆ ಮಾವ."

"ಜೊತೆಗೆ ಬಂದವನು ಶಿಳ್ಳೆ. ನೀನಿದ್ದೆಯಾ ಅಲ್ಲಿ?"

"ನಾನು ಮಹಡಿಯಿಂದ ಇಳಿದು ಬರೋವಷ್ಟರಲ್ಲಿ ಒಳಗೆ ತಗೊಂಡಿದ್ರು."

ಮೈದುನ ಅವಳನ್ನು ಒಂದು ಕ್ಷಣ ನೋಡಿ, ಹಿತ್ತಿಲ ಕಡೆಗೆ ನಡೆದ.

*

ಅವಳು ಮಹಡಿಯಲ್ಲಿರಲಿಲ್ಲ. ಅವತ್ತು ದಾಖಲಾತಿ ಕೌಂಟರಿನ ಹುಡುಗಿ ಊಟಕ್ಕೆ ಹೋಗಿದ್ದಾಗ ಅರ್ಧ ಗಂಟೆ ಆ ಕುರ್ಚಿಯಲ್ಲಿ ಕೂತಿದ್ದವಳು ಇವಳೇ. ಸ್ಟ್ರೆಚರಿನ ಮೇಲೆ ಬಂದದ್ದು ತನ್ನ ಮೈದುನ ಎಂದು ಅವಳಿಗೆ ಗೊತ್ತಾದದ್ದು ಅವನ ಅಂಗಿಯಿಂದ. ತಾನೇ ಗುಂಡಿ ಹಾಕಿಕೊಟ್ಟಿದ್ದ ಅಂಗಿ. ಮಂಜುಗಡ್ಡೆಯ ಚೀಲದಲ್ಲಿ ಮೂರು ಬೆರಳಿದ್ದವು.

ಆಸ್ಪತ್ರೆಯಲ್ಲಿ ಒಂದು ನಿಯಮವಿತ್ತು. ಗಾಯ ಕೆಲಸದಲ್ಲಿ ಆದದ್ದಾದರೆ ಕಾರ್ಖಾನೆಯ ಪತ್ರ, ಸೀಲು, ಸಹಿ ಬಂದ ಮೇಲೆಯೇ ಆಪರೇಷನ್ ಕೋಣೆಯ ಚೀಟಿ ಹರಿಯಬೇಕು. ಹಾಗಿಲ್ಲದಿದ್ದರೆ ಬಿಲ್ಲು ವಾಪಸ್ಸು ಬರುತ್ತದೆ. ಸೀಲು ಬರುವ ತನಕ ಎರಡು ಗಂಟೆ, ಮೂರು ಗಂಟೆ ಬೆಂಚಿನ ಮೇಲೆ ಕೂತವರನ್ನು ಅವಳು ಎಷ್ಟೋ ಸಲ ನೋಡಿದ್ದಳು. ಪತ್ರ ತರುತ್ತೇನೆ ಎಂದು ಹೋದ ಶಿಳ್ಳೆ ಮೇಸ್ತ್ರಿ ತಿರುಗಿ ಬರುವ ಕುಳವಲ್ಲ ಎಂಬುದು ಅವನ ಬೆನ್ನು ನೋಡಿದಾಗಲೇ ಗೊತ್ತಾಗಿತ್ತು. ಮನೆಯಲ್ಲಿ ಆದ ಗಾಯಕ್ಕಾದರೆ ಯಾರ ಸೀಲೂ ಬೇಡ.

'ಗಾಯವಾದ ಸ್ಥಳ' ಎಂಬ ಜಾಗದಲ್ಲಿ ಅವಳು ಮನೆ ಎಂದು ಬರೆದಳು. ಪಕ್ಕದಲ್ಲಿ 'ಕಾರಣ' ಎಂಬ ಇನ್ನೊಂದು ಜಾಗವಿತ್ತು. ಬೆರಳು ಕತ್ತರಿಸುವಂಥದ್ದು ಮನೆಯಲ್ಲಿ ಏನಿದೆ? ಹಿತ್ತಿಲ ಶೆಡ್ಡು ನೆನಪಾಯಿತು. ಬರೆದಳು. ಹತ್ತು ನಿಮಿಷದಲ್ಲಿ ಆಪರೇಷನ್ ಕೋಣೆಯ ಬಾಗಿಲು ತೆರೆಯಿತು. ಮೂರು ಬೆರಳು ಮತ್ತೆ ಕೂಡಿಕೊಳ್ಳಲಿಲ್ಲ. ತೋರುಬೆರಳೂ ಅರ್ಧ ಕಪ್ಪಾಗಿತ್ತು, ಇನ್ನೊಂದು ಗಂಟೆ ತಡವಾಗಿದ್ದರೆ ಅದೂ ಇರುತ್ತಿರಲಿಲ್ಲ ಎಂದರು ಡಾಕ್ಟರು.

ಆಮೇಲೆ ತಿದ್ದಿಸಿದರಾಯಿತು ಎಂದುಕೊಂಡಿದ್ದಳು. ಆದರೆ ಸುಳ್ಳು ನಮೂದು ಮಾಡಿದ ಗುಮಾಸ್ತರನ್ನು ಆಸ್ಪತ್ರೆ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ಅವಳ ಗಂಡ, ಮನೆಯ ದೊಡ್ಡ ಮಗ, ಲಾರಿ ಡ್ರೈವರು; ಹತ್ತು ದಿನಕ್ಕೊಮ್ಮೆ ಮನೆಗೆ ಬರುವವನು. ಲಾರಿಯ ಕಂತು ಕಳೆದು ಅವನ ಕೈಗೆ ಬರುತ್ತಿದ್ದದ್ದು ಸೋಪಿಗೆ, ಟೀಪುಡಿಗೆ ಸಾಕಾಗುತ್ತಿತ್ತು. ಈಗ ಮನೆಯ ಅನ್ನ ಅವಳ ಸಂಬಳದ್ದು.

*

ಮಾವ ಸೋಮವಾರ ಶಿಳ್ಳೆ ಮೇಸ್ತ್ರಿಯನ್ನು ಹಿಡಿಯಲು ಕಾರ್ಖಾನೆಯ ಗೇಟಿಗೆ ಹೋದರು. ಮಧ್ಯಾಹ್ನ ಬಂದವರು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು.

"ಆ ನನ್ಮಗ ಏನಂದ ಗೊತ್ತಾ? ನಿಮ್ಮ ಹುಡುಗ ಹನ್ನೆರಡಕ್ಕೆ ಹೋದ, ರಸ್ತೇಲಿ ರಕ್ತ ಸುರಿಸ್ಕೊಂಡು ನಿಂತಿದ್ದ, ಪಾಪ ಅಂತ ನಾನು ಕರ್ಕೊಂಡು ಹೋದೆ ಅಂತಾನೆ. ಪಾಪವಂತೆ."

"ನೀವೇನಂದ್ರಿ?" ಅಂದರು ಅತ್ತೆ.

"ನಾನು ಅವನ ಕಾಲರು ಹಿಡಿದೆ. ವಾಚ್‌ಮನ್ ಬಂದು ಬಿಡಿಸಿದ. ಆದ್ರೆ ಕೇಳು, ಒಂದು ಮಾತು ಅವನು ಸರಿಯಾಗೇ ಅಂದ." ಅವರು ಕೈ ತೊಳೆದು ತಟ್ಟೆಯ ಮುಂದೆ ಕೂತರು. "ನಿಮ್ಮ ಮನೇಲಿ ಮರ ಕೊಯ್ಯೋ ಯಂತ್ರ ಇರೋದು ನನಗೆ ಹೇಗೆ ಗೊತ್ತಾಗಬೇಕು ಯಜಮಾನರೇ, ನಾನು ನಿಮ್ಮ ಮನೆ ಬಾಗಿಲೇ ತುಳಿದಿಲ್ಲ ಅಂದ. ನಿಜ ತಾನೇ? ಹಾಗಾದ್ರೆ ಇದನ್ನ ಹೇಳಿದವರು ನಮ್ಮ ಶೆಡ್ಡು ನೋಡಿದವರು. ನಮ್ಮ ಮನೆ ಅನ್ನ ಉಂಡವರು."

ಸೊಸೆ ಅವರ ತಟ್ಟೆಗೆ ಬೇಳೆ ಬಡಿಸುತ್ತಿದ್ದಳು. ಸೌಟು ತಟ್ಟೆಯ ಅಂಚಿಗೆ ತಾಗಿ ಟಣ್ ಎಂದಿತು. ಪಕ್ಕದಲ್ಲಿ ಎಡಗೈಯಲ್ಲಿ ತುತ್ತು ಕಲೆಸುತ್ತಿದ್ದ ಮೈದುನ ಎದ್ದು ಹೋದ.

"ನೋಡಿ ಬಡಿಸಮ್ಮ," ಅಂದರು ಅತ್ತೆ.

ಆ ದಿನಗಳಲ್ಲಿ ಮೈದುನನಿಗೆ ಇಲ್ಲದ ಬೆರಳು ಕಡಿಯುತ್ತಿತ್ತು. "ಅಮ್ಮಾ, ಕಿರುಬೆರಳು," ಅನ್ನುತ್ತಿದ್ದ. ಅತ್ತೆ ಬಂದು ಹಾಸಿಗೆಯ ಪಕ್ಕ ಕೂತು, ಕಟ್ಟಿನ ಅಂಚಿನಿಂದ ಎರಡಂಗುಲ ಆಚೆ, ಬರೀ ಹಾಸಿಗೆಯ ಬಟ್ಟೆಯನ್ನು ಉಗುರಿನಿಂದ ಕೆರೆಯುತ್ತಿದ್ದರು.

"ಇಲ್ಲೇನೋ?"

"ಸ್ವಲ್ಪ ಕೆಳಗೆ."

"ಇಲ್ಲಿ?"

"ಹ್ಞೂ, ಅಲ್ಲೇ."

ಇದನ್ನು ಮೊದಲ ಸಲ ನೋಡಿದ ದಿನ ಸೊಸೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ಆಫೀಸಿನಲ್ಲಿ ಪರರ ಬಿಲ್ಲುಗಳನ್ನು ತೆರೆದಾಗಲೂ ಅವಳ ಕಣ್ಣು ನೇರವಾಗಿ ಆ ಒಂದು ಜಾಗಕ್ಕೇ ಹೋಗುತ್ತಿತ್ತು. ಗಾಯವಾದ ಸ್ಥಳ. ಯಾರದೋ ಅಕ್ಷರದಲ್ಲಿ ಕಾರ್ಖಾನೆ, ಗೋದಾಮು, ಮೆಟ್ಟಿಲು ಎಂದಿದ್ದರೂ ಓದುವಾಗ ಅವಳಿಗೆ ತನ್ನ ಅಕ್ಷರವೇ ಕಾಣುತ್ತಿತ್ತು.

ಮೇಲ್ಮನವಿ ಅವಳೇ ಬರೆದಳು. ತಪ್ಪು ಮಾಹಿತಿಯಿಂದ ಹೀಗಾಗಿದೆ, ಸ್ಥಳಕ್ಕೆ ಬಂದು ನೋಡಿ ಎಂದು. ತಪ್ಪು ಮಾಹಿತಿ ಯಾರದು ಎಂದು ಬರೆಯಲಿಲ್ಲ.

*

ಐದನೇ ವಾರ ವಿಮಾ ಕಚೇರಿಯ ತನಿಖೆಯವನು ಬಂದ. ತೆಳ್ಳಗಿನ ಮನುಷ್ಯ, ಬಗಲಲ್ಲಿ ಫೈಲು, ಕುತ್ತಿಗೆಯಲ್ಲಿ ಕ್ಯಾಮೆರಾ. ಕಾಫಿ ಬೇಡ ಅಂದ, ನೀರೂ ಬೇಡ ಅಂದ. ಮಾವ ಗೆದ್ದವರ ಹಾಗೆ ಮುಂದೆ ನಡೆದು ಶೆಡ್ಡಿನ ಬಾಗಿಲು ತೆಗೆದರು.

"ನೋಡಿ ಸ್ವಾಮಿ, ಕಣ್ತುಂಬ ನೋಡಿ. ಬೆಲ್ಟು ಅಲ್ಲಿ ನೇತಾಡ್ತಿದೆ. ಚಕ್ರಕ್ಕೆ ಜೇಡ ಬಲೆ ಕಟ್ಟಿದೆ. ಅಡಿಯಲ್ಲಿ ಬೆಕ್ಕು ಮರಿ ಹಾಕಿದೆ. ಮಷೀನು ಓಡಿದ್ರೆ ಅದು ಮರಿ ಹಾಕ್ತಿತ್ತಾ? ಸಾಕ್ಷಿ ಬೇಕಾದ್ರೆ ಅದನ್ನೇ ಕೇಳಿ."

ತನಿಖೆಯವನು ಬೆಕ್ಕನ್ನು ಕೇಳಲಿಲ್ಲ. ಬಗ್ಗಿ ಯಂತ್ರದ ಹಲಗೆಯನ್ನು ನೋಡಿದ. ಗರಗಸದ ಪಕ್ಕದಲ್ಲಿ ಒಂದು ಅಂಗೈಯಗಲ ಕಲೆಯಿತ್ತು. ಕಂದುಗೆಂಪು.

"ಇದು?"

"ಪಾಲಿಶ್ ಕಣ್ರೀ. ಮೇಜಿಗೆ ಹಾಕೋ ಪಾಲಿಶ್ ಚೆಲ್ಲಿದ್ದು."

ಅವನು ಎರಡು ಫೋಟೋ ತೆಗೆದ. "ಬೆಲ್ಟು ಹಾಕೋಕೆ ಎಷ್ಟು ಹೊತ್ತು ಬೇಕು?"

"ಎರಡು ನಿಮಿಷ," ಅಂದರು ಮಾವ. ಸುಳ್ಳು ಹೇಳಿ ಅಭ್ಯಾಸವಿರದ ಮನುಷ್ಯ.

"ಬಿಚ್ಚೋಕೆ?"

ಮಾವ ಮೊಳೆಗೆ ನೇತಾಡುತ್ತಿದ್ದ ಬೆಲ್ಟನ್ನು ನೋಡಿದರು.

"ಆ ದಿನ ಎರಡು ಗಂಟೆಗೆ ಮನೆಯಲ್ಲಿ ಯಾರಿದ್ದರು?"

"ನಾನು. ನನ್ನ ಹೆಂಡತಿ ಕನ್ನಡಕದಂಗಡೀಲಿ ಮಗನಿಗೆ ಕಾಯ್ತಾ ಕೂತಿದ್ಲು."

"ನೀವು ಏನು ಮಾಡ್ತಿದ್ರಿ?"

"ಊಟ ಮಾಡಿ ಮಲಗಿದ್ದೆ."

ತನಿಖೆಯವನು ಅದನ್ನೂ ಬರೆದುಕೊಂಡು ಮೈದುನನ ಕಡೆ ತಿರುಗಿದ. "ಈಗ ನೀವು ಹೇಳಿ. ನಿಮ್ಮ ಕೈ ಸಿಕ್ಕಿಕೊಂಡದ್ದು ಈ ಯಂತ್ರಕ್ಕಾ, ಕಾರ್ಖಾನೆಯದಕ್ಕಾ? ಕಾರ್ಖಾನೆಯದು ಅನ್ನೋದಾದ್ರೆ, ಆಸ್ಪತ್ರೆಯಲ್ಲಿ ಮನೆ ಅಂತ ಬರೆಸಿದವರು ಯಾರು? ನಿಮಗೆ ಪ್ರಜ್ಞೆ ಇತ್ತು ಅಂತ ಡಾಕ್ಟರು ಬರೆದಿದ್ದಾರೆ. ಹೆಸರು ಬೇಕು ನನಗೆ."

ಮೈದುನ ಬೆಕ್ಕಿನ ಮರಿಗಳನ್ನು ನೋಡಿದ. ಅಪ್ಪನನ್ನು ನೋಡಿದ. ಬಾಗಿಲ ಹತ್ತಿರ ನಿಂತಿದ್ದ ಅತ್ತಿಗೆಯ ಕಡೆಗೆ ನೋಡಲಿಲ್ಲ.

"ನೆನಪಿಲ್ಲ," ಅಂದ.

"ಯಾರು ಬರೆಸಿದ್ದು ಅನ್ನೋದಾ, ಎಲ್ಲಿ ಆದದ್ದು ಅನ್ನೋದಾ?"

"ಏನೂ ನೆನಪಿಲ್ಲ."

"ಏನೋ ಹಾಗಂದ್ರೆ?" ಮಾವನ ಧ್ವನಿ ಒಡೆಯಿತು. "ನಿನ್ನೆ ತನಕ ನೆನಪಿತ್ತಲ್ಲೋ."

ಅವನು ತಲೆ ತಗ್ಗಿಸಿ ಮನೆಯೊಳಗೆ ಹೋದ. ತನಿಖೆಯವನು ಪೆನ್ನಿನ ಮುಚ್ಚಳ ಹಾಕಿ ಕ್ಯಾಮೆರಾವನ್ನು ಚೀಲಕ್ಕೆ ತುಂಬಿದ.

*

ಆವತ್ತಿನಿಂದ ಮಾವ ಮಧ್ಯಾಹ್ನ ಮಲಗುವುದನ್ನು ಬಿಟ್ಟರು. ಊಟವಾದ ಮೇಲೆ ಶೆಡ್ಡಿಗೆ ಹೋಗಿ ಮೂರು ಕಾಲಿನ ಸ್ಟೂಲಿನ ಮೇಲೆ ಯಂತ್ರಕ್ಕೆ ಎದುರಾಗಿ ಕೂರುತ್ತಿದ್ದರು. ಬಯ್ಗುಳವೂ ನಿಂತಿತು. ಆ ಮನೆಯಲ್ಲಿ ಉಳಿದಿದ್ದ ಸದ್ದು ಅದೊಂದೇ, ಅದೂ ಹೋಯಿತು.

ಒಂದು ದಿನ ಅಕ್ಕಿ ಆರಿಸುತ್ತಿದ್ದ ಅತ್ತೆಯನ್ನು ಕೇಳಿದರು. "ಅವತ್ತು ನೀನು ವಾಪಸ್ಸು ಬಂದಾಗ ನಾನು ಮಲಗಿದ್ದೆನಾ, ಎದ್ದಿದ್ದೆನಾ?"

"ಮಲಗಿದ್ರಿ. ನಾನೇ ಎಬ್ಬಿಸಿ ಆಸ್ಪತ್ರೆಗೆ ಕರ್ಕೊಂಡು ಹೋದದ್ದು. ಯಾಕೆ?"

"ಕಿವಿ ನನಗೆ ಅಷ್ಟಾಗಿ ಕೇಳಲ್ಲ. ಮಲಗಿದ್ರೆ ಮಷೀನಿನ ಸದ್ದೂ ಕೇಳಲ್ಲ."

"ಏನು ಮಾತಾಡ್ತಿದ್ದೀರಿ?"

"ಅವನು ಸುಳ್ಳು ಹೇಳೋ ಹುಡುಗ ಅಲ್ಲ ಕಣೇ. ಯಾರನ್ನೋ ಮುಚ್ಚಿಡ್ತಿದ್ದಾನೆ. ಶಿಳ್ಳೆಯನ್ನ ಯಾಕೆ ಮುಚ್ಚಿಡ್ತಾನೆ? ಈ ಮನೇಲಿ ಅವತ್ತು ಇದ್ದದ್ದು ನಾನೊಬ್ಬ." ಅವರು ಮೊರದಿಂದ ಒಂದು ಕಲ್ಲು ಎತ್ತಿ ಆಚೆಗಿಟ್ಟರು. "ಹನ್ನೆರಡಕ್ಕೆ ಬಂದಿರ್ತಾನೆ. ಅಮ್ಮ ಇಲ್ಲ, ಅಪ್ಪ ಮಲಗಿದ್ದಾನೆ. ಹಲಗೆ ಏನೋ ಕೊಯ್ಯಬೇಕಾಗಿತ್ತೇನೋ, ಬೆಲ್ಟು ಹಾಕಿರ್ತಾನೆ. ಆ ಗರಗಸಕ್ಕೆ ಕೈ ತಾಗದ ಹಾಗೆ ಮುಚ್ಚೋ ಕಾಪು ನಾನು ಹಾಕಿಸಿರಲಿಲ್ಲ. ನಾಳೆ, ನಾಡಿದ್ದು ಅಂತ ಇಪ್ಪತ್ತು ವರ್ಷ ತಳ್ಳಿದೆ. ಅಪ್ಪನಿಗೆ ಕೆಟ್ಟ ಹೆಸರು ಬರುತ್ತೆ ಅಂತ ಕಾರ್ಖಾನೆ ಅಂದಿರ್ತಾನೆ."

"ನಿಮಗೆ ತಲೆ ಕೆಟ್ಟಿದೆ."

"ಇದ್ದರೂ ಇರಬಹುದು."

ಬಾಗಿಲಾಚೆ ನಿಂತು ಸೊಸೆ ಇದನ್ನು ಕೇಳಿಸಿಕೊಂಡಳು. ಬಟ್ಟೆಯ ಬುಟ್ಟಿ ಎತ್ತಿಕೊಂಡು ತಾರಸಿಗೆ ಹೋದಳು. ಮೈದುನ ಅಲ್ಲಿ ಗೋಡೆಗೆ ಒರಗಿ ಕೂತಿದ್ದ. ಅವನೂ ಎದ್ದು ಬಂದು, ಎಡಗೈಯಲ್ಲಿ ಒದ್ದೆ ಬಟ್ಟೆಯ ಒಂದು ತುದಿ ಹಿಡಿದ. ಇಬ್ಬರೂ ಹಿಂಡಿದರು.

"ನಾಳೆ ಹೇಳಿಬಿಡ್ತೀನಿ," ಅಂದಳು ಸೊಸೆ. "ಬರೆದದ್ದು ನಾನು ಅಂತ."

"ಗೊತ್ತು."

"ಏನು ಗೊತ್ತು?"

"ಸ್ಟ್ರೆಚರ್ ಮೇಲೆ ಇದ್ದದ್ದು ನಾನೇ ಅಲ್ವಾ ಅತ್ತಿಗೆ? ಮನೆ, ಮರ ಕೊಯ್ಯೋ ಮಷೀನು ಅಂತ ನೀವು ಬಾಯಲ್ಲಿ ಹೇಳ್ಕೊಂಡೇ ಬರೆದ್ರಿ. ಆ ನೋವಲ್ಲೂ ನಗು ಬಂತು. ಅಪ್ಪನ ಆ ಹಳೆ ಮಷೀನು ಒಂದು ಹಲಗೆ ನೆಟ್ಟಗೆ ಕೊಯ್ದದ್ದು ನಾನು ನೋಡಿಲ್ಲ."

ಅವಳು ಬಟ್ಟೆ ಹಿಡಿದುಕೊಂಡೇ ನಿಂತಳು.

"ಹೇಳಬೇಡಿ," ಅಂದ ಅವನು. "ನಿಮ್ಮ ಕೆಲಸ ಹೋದ್ರೆ ನಾಲ್ಕು ಜನ ಏನು ತಿನ್ನೋದು, ನನ್ನ ಹೆಬ್ಬೆರಳನ್ನಾ? ಎಡಗೈಯಲ್ಲಿ ಉಣ್ಣೋದು ಕಲಿತೆ. ಬರೆಯೋದೂ ಕಲೀತೀನಿ."

"ಎರಡು ತಿಂಗಳಿಗೆ ಇನ್ನು ಹದಿನೆಂಟು ದಿನ ಇದೆ. ಡಾಕ್ಟರು ಹೇಳಿದ್ದು ಕೇಳಿಸಿಕೊಂಡಿದ್ದೀಯ."

"ಹೆಬ್ಬೆರಳಿಗೆ ನಾನು ಹೊಂದಿಕೊಂಡಾಯ್ತು. ನಮ್ಮಪ್ಪನಿಗೂ ನಾನು ನಿಧಾನಕ್ಕೆ ಹೇಳ್ತೀನಿ."

ಅವನು ಹೇಳಲಿಲ್ಲ. ಹೇಳಹೋದರೆ ಅಪ್ಪ ಅವನ ಭುಜ ತಟ್ಟಿ, "ಇರ್ಲಿ ಬಿಡು ಮಗ, ನನಗೆಲ್ಲ ಗೊತ್ತಾಯ್ತು," ಎಂದು ಶೆಡ್ಡಿಗೆ ನಡೆದುಬಿಡುತ್ತಿದ್ದರು. ಆ ಮೃದು ಮಾತು ಅವನಿಗೆ ಹೊಸದು. ಅದರ ಮುಂದೆ ಅವನ ಬಾಯಿ ಕಟ್ಟುತ್ತಿತ್ತು.

ಸೊಸೆ ಆಫೀಸಿನಲ್ಲಿ ಹೆಡ್‌ಕ್ಲರ್ಕನ್ನು ಬೇರೆ ಯಾರದೋ ವಿಷಯ ಎಂಬಂತೆ ಕೇಳಿ ನೋಡಿದಳು. ಇಪ್ಪತ್ತೈದು ವರ್ಷ ಸೀಲು ಒತ್ತಿ ಅವರ ಬಲಭುಜ ಕೆಳಗಿಳಿದಿತ್ತು.

"ಮೊದಲ ಚೀಟಿ ತಪ್ಪಾಗಿದ್ರೆ ತಿದ್ದಿಸಬಹುದು," ಅಂದರು ಅವರು. "ಬರೆದವರು ತಪ್ಪೊಪ್ಪಿಕೊಂಡು ಹೇಳಿಕೆ ಕೊಡಬೇಕು. ಕೊಟ್ಟ ದಿನಾನೇ ಅವರು ಮನೆಗೆ. ಅದಕ್ಕೇ ಇವತ್ತಿನ ತನಕ ಯಾರೂ ಕೊಟ್ಟಿಲ್ಲ." ಸೀಲನ್ನು ಶಾಯಿಗೆ ಅದ್ದಿ ಕೇಳಿದರು. "ಯಾರಮ್ಮ ಅದು?"

"ಯಾರೋ ಒಬ್ರು."

*

ಭಾನುವಾರ ತಿಂಡಿಯಾದ ಮೇಲೆ ಮಾವ ಒಗೆದ ಅಂಗಿ ಹಾಕಿಕೊಂಡು, ಬಿಳಿ ಕಾಗದ ಮತ್ತು ಪೆನ್ನು ತಂದು ಮೇಜಿನ ಮೇಲಿಟ್ಟರು. ಅತ್ತೆ ಹೊಸ ಕನ್ನಡಕದಲ್ಲಿ ಮಗನ ಅಂಗಿಯ ಗುಂಡಿಗಳನ್ನು ಕಿತ್ತು, ಒಂದೇ ಕೈಯಲ್ಲಿ ಹಾಕಿಕೊಳ್ಳಲು ಬರುವ ಒತ್ತುಗುಂಡಿ ಹೊಲಿಯುತ್ತಿದ್ದರು. ಮೈದುನ ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದ. ಒಂದು ಕಾಯಿಗೆ ಒಂದು ನಿಮಿಷ.

"ಬಾಮ್ಮ, ಕೂತ್ಕೋ," ಅಂದರು ಮಾವ. "ನನ್ನ ಅಕ್ಷರ ಕೋಳಿ ಕೆದಕಿದ ಹಾಗಿರುತ್ತೆ. ನೀನು ಬರಿ. ವಿಮಾ ಕಚೇರಿಯ ಅಧಿಕಾರಿಗಳಿಗೆ."

ಸೊಸೆ ಬರೆದಳು.

"ನನ್ನ ಮಗನಿಗೆ ಗಾಯವಾದದ್ದು ಮನೆಯಲ್ಲಿ."

ಪೆನ್ನು ನಿಂತಿತು.

"ಬರೀಮ್ಮ. ನನ್ನ ಗರಗಸದ ಯಂತ್ರಕ್ಕೆ ಕಾಪು ಇರಲಿಲ್ಲ. ತಪ್ಪು ನನ್ನದು. ನನ್ನ ಮಗ ನನ್ನ ಮಾನ ಕಾಪಾಡಲು ಕಾರ್ಖಾನೆ ಎಂದು ಹೇಳಿದ. ಅವನ ಮೇಲೆ ಸುಳ್ಳಿನ ಕೇಸು ಹಾಕಬಾರದು ಎಂದು ಪ್ರಾರ್ಥನೆ."

"ಅಪ್ಪ," ಅಂದ ಮೈದುನ.

"ನೀನು ಸುಮ್ಮನಿರೋ. ಇದು ನನ್ನ ಕಾಗದ."

"ಮಾವ, ಇದು ಹೋದ್ರೆ ಆಪರೇಷನ್ ಮುಗೀತು," ಅಂದಳು ಸೊಸೆ. "ಮತ್ತೆ ಯಾವ ಮನವಿಯೂ ನಡೆಯಲ್ಲ."

"ಆಪರೇಷನ್ನಿಗೆ ಮಷೀನು ಮಾರ್ತೀನಿ. ಗುಜರಿಯವನು ತೂಕಕ್ಕೆ ತಗೋತಾನೆ. ಸಾಲದಿದ್ರೆ ಸಾಲ ಮಾಡ್ತೀನಿ. ಮಗನ ಬೆರಳು ತಿಂದದ್ದನ್ನ ಮನೇಲಿ ಇಟ್ಕೊಂಡು ಏನು ಪೂಜೆ ಮಾಡಲಾ? ಏನಂತ ಬರೆದಿದ್ದೀಯ, ಓದು."

ಅವಳು ಕಾಗದ ನೋಡಿದಳು. ಮೇಲಿನ ವಿಳಾಸ ಬಿಟ್ಟರೆ ಬರೆದದ್ದು ಒಂದೇ ಸಾಲು. ಕೊನೆಯ ಪದ ದಾಖಲಾತಿ ಚೀಟಿಯಲ್ಲಿ ಇದ್ದ ಹಾಗೇ, ಅದೇ ಓರೆಯಲ್ಲಿ, ಅದೇ ಕೈಯಲ್ಲಿ ಇತ್ತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದುಕೊಂಡಳು.

"ಈ ಮಾತನ್ನ ನಾನು ಮೊದಲೇ ಒಂದು ಸಲ ಬರೆದಿದ್ದೀನಿ ಮಾವ. ಅವತ್ತು ಕೌಂಟರಲ್ಲಿ ಇದ್ದದ್ದು ನಾನು. ಮನೆ ಅಂತ ಬರೆದದ್ದು ನಾನು. ನಿಮ್ಮ ಮಷೀನು ಅಂತ ಬರೆದದ್ದೂ ನಾನೇ."

ಅತ್ತೆಯ ಸೂಜಿ ಬಟ್ಟೆಯೊಳಗೇ ನಿಂತಿತು.

ಅವಳು ನಿಯಮ ಹೇಳಿದಳು, ಸೀಲಿನ ವಿಷಯ ಹೇಳಿದಳು, ಮಂಜುಗಡ್ಡೆಯ ಚೀಲದ ವಿಷಯ ಹೇಳಿದಳು. ಮಾವ ಕಣ್ಣು ಮಿಟುಕಿಸದೆ ಕೇಳಿದರು.

"ಇವನು ಮುಚ್ಚಿಟ್ಟದ್ದು ನಿನ್ನನ್ನ?"

"ಹೌದು."

"ನನ್ನನ್ನಲ್ಲ."

"ಅಲ್ಲ ಮಾವ. ಆಪರೇಷನ್ ಮಾಡಿದವರು ಬರೆದಿಟ್ಟಿದ್ದಾರೆ, ಒಂದೇ ಏಟು, ಅಂಚು ನೇರ ಅಂತ. ಗರಗಸ ಹಾಗೆ ಕೊಯ್ಯುತ್ತಾ? ನಿಮಗೇ ಗೊತ್ತಲ್ಲ."

"ಗರಗಸ ಸಿಬಿರು ಎಬ್ಬಿಸುತ್ತೆ," ಅಂದರು ಮಾವ ಮೆಲ್ಲಗೆ. "ಮರಾನೂ ಹರಿಯುತ್ತೆ, ಮಾಂಸಾನೂ ಹರಿಯುತ್ತೆ. ನಾನು ಆ ಕೈ ನೋಡೇ ಇಲ್ಲ. ಕಟ್ಟು ಬಿಚ್ಚೋವಾಗೆಲ್ಲ ಎದ್ದು ಹೋಗ್ತಿದ್ದೆ."

"ಎರಡು ವಾರ," ಅಂದರು ಅತ್ತೆ. ಅವರ ಧ್ವನಿ ಏರಲಿಲ್ಲ. "ಎರಡು ವಾರ ಈ ಮನುಷ್ಯ ಆ ಸ್ಟೂಲ್ ಮೇಲೆ ಕೂತು ಸಾಯ್ತಿದ್ರು. ನೀನು ನನ್ನ ಪಕ್ಕದಲ್ಲಿ ನಿಂತು ಅನ್ನ ಬಸೀತಿದ್ದೆ. ಹೆಂಗಮ್ಮ ಬಸಿದೆ?"

ಮೈದುನ ಬಟಾಣಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದ. "ನಾನೂ ಸುಮ್ಮನಿದ್ದೆ ಅಮ್ಮ. ನನಗೂ ಬಯ್ಯಿ."

"ನಿನಗೂ ಬಯ್ತೀನಿ. ಸರದಿ ಬರ್ಲಿ." ಮಾವನ ಮಾತನ್ನೇ ಅತ್ತೆ ಅಂದರು.

ಮಾವ ಇನ್ನೊಂದು ಕಾಗದವನ್ನು ಅವಳ ಮುಂದಕ್ಕೆ ತಳ್ಳಿದರು. "ಇದರಲ್ಲಿ ನಿನ್ನದು ಬರಿ."

*

ಸೋಮವಾರ ಅವಳು ಹೇಳಿಕೆ ಕೊಟ್ಟಳು. ಹೆಡ್‌ಕ್ಲರ್ಕು ಅದನ್ನು ಎರಡು ಸಲ ಓದಿ ಸೀಲು ಒತ್ತಿದರು. ಸಂಜೆಯೊಳಗೆ ರಾಜೀನಾಮೆ ಬರೆಸಿಕೊಂಡರು. ಲಾರಿಯಿಂದ ಗಂಡ ಫೋನು ಮಾಡಿ ಎಲ್ಲ ಕೇಳಿ, "ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ. ಅಪ್ಪನ್ನ ಆ ಶೆಡ್ಡಿಂದ ಎಬ್ಬಿಸು ಮೊದಲು," ಅಂದ.

ಹೇಳಿಕೆಯೊಂದೇ ಸಾಲದು ಎಂಬುದು ಅವಳಿಗೆ ಗೊತ್ತಿತ್ತು. ಕಾರ್ಖಾನೆಯ ಹಾಜರಿ ಪುಸ್ತಕದ ಮೂರು ತಿಂಗಳ ನಕಲು ಬೇಕೆಂದು ಅರ್ಜಿ ಹಾಕಿದಳು. ಆ ಮೂರು ತಿಂಗಳಲ್ಲಿ ಒಂದು ದಿನ ಕರೆಂಟು ಹೋಗಿ ಎಲ್ಲರನ್ನೂ ಮೂರು ಗಂಟೆಗೇ ಮನೆಗೆ ಕಳಿಸಿದ್ದರು ಎಂದು ಮೈದುನನಿಗೆ ನೆನಪಿತ್ತು. ಆ ದಿನದ ಹಾಳೆಯಲ್ಲಿ ಇನ್ನೂರು ಜನವೂ ಆರು ಗಂಟೆಗೆ ಹೋದದ್ದಾಗಿ ಬರೆದಿದ್ದರು. ಅವಳು ಆ ಹಾಳೆಯನ್ನು ಎಲ್ಲಕ್ಕಿಂತ ಮೇಲಿಟ್ಟು ಕಳಿಸಿದಳು. ಒಂಬತ್ತು ವರ್ಷದಲ್ಲಿ ಅವಳು ಕಟ್ಟಿದ ಕೊನೆಯ ಕಟ್ಟು ಅದು.

ಎರಡು ತಿಂಗಳು ತುಂಬಲು ನಾಲ್ಕು ದಿನವಿದ್ದಾಗ ಒಪ್ಪಿಗೆ ಬಂತು. ಆಪರೇಷನ್ ಆಯಿತು. ಕಟ್ಟು ಬಿಚ್ಚಿದ ದಿನ ಮಾವ ಎದ್ದು ಹೋಗಲಿಲ್ಲ. ಹತ್ತಿರ ಬಗ್ಗಿ, ಹಲಗೆಯ ಅಂಚು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ, ಮೂರು ಬೆರಳು ಇದ್ದ ಜಾಗವನ್ನು ನೋಡಿದರು.

"ನೇರ ಇದೆ," ಅಂದರು.

ಹೆಬ್ಬೆರಳು ನಡುಗುತ್ತ ಮಡಚಿತು. ಅರ್ಧ.

ಸೊಸೆಗೆ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಅರ್ಧ ಸಂಬಳಕ್ಕೆ. ಅತ್ತೆ ಅವಳ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದರು: ಉಪ್ಪು ಎಲ್ಲಿದೆ, ನೀರು ಬಂತಾ. ಮನೆಯಲ್ಲಿ ಬೆಳ್ಳುಳ್ಳಿ ಕುಟ್ಟುವ ಸದ್ದು ಮತ್ತೆ ಕೇಳುತ್ತಿತ್ತು. ಮೈದುನ ಈಗ ಎದ್ದು ಹೋಗುತ್ತಿರಲಿಲ್ಲ, ತುತ್ತು ಕಲೆಸುವುದನ್ನು ಮಾತ್ರ ನಿಲ್ಲಿಸುತ್ತಿದ್ದ.

ಆದರೆ ಮಾವ ಮಧ್ಯಾಹ್ನ ಮಲಗಲಿಲ್ಲ. ಒಂದು ದಿನ ಅವಳು ಟೀ ತೆಗೆದುಕೊಂಡು ಶೆಡ್ಡಿಗೆ ಹೋದಾಗ ಅವರು ಅದೇ ಸ್ಟೂಲಿನ ಮೇಲೆ ಕೂತು ಆ ಕಂದುಗೆಂಪು ಕಲೆಯನ್ನು ನೋಡುತ್ತಿದ್ದರು.

"ಅದು ಪಾಲಿಶ್ ಮಾವ."

"ಗೊತ್ತು ಕಣಮ್ಮ. ಚೆಲ್ಲಿದವನೇ ನಾನು." ಅವರು ಲೋಟ ತೆಗೆದುಕೊಂಡರು. "ನೀನು ಬರೆದದ್ದನ್ನ ಸೀಲು ಹಾಕಿ ಅಳಿಸಿಬಿಟ್ರು. ನಾನು ಎರಡು ವಾರ ಇಲ್ಲಿ ಕೂತು ನೋಡಿದೆನಲ್ಲ. ಅವನು ಬೆಲ್ಟು ಹಾಕೋದು ನೋಡಿದೆ. ಹಲಗೆ ತಳ್ಳೋದು ನೋಡಿದೆ. ಅಪ್ಪಾ ಅಂತ ಕೂಗಿದ, ನಾನು ಆ ಕೋಣೇಲಿ ಗೊರಕೆ ಹೊಡೀತಿದ್ದೆ. ಆಗಲೇ ಇಲ್ಲ ಅಂತ ಗೊತ್ತು. ಆದ್ರೂ ನೋಡಿದ್ದೀನಿ."

ಮೈದುನ ಬಾಗಿಲಲ್ಲಿ ನಿಂತು ಕೇಳುತ್ತಿದ್ದನೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅವನು ಒಳಗೆ ಬಂದ. ಗೋಡೆಯ ಹಲಗೆಯ ಮೇಲಿಂದ ಉಪ್ಪುಕಾಗದದ ಒಂದು ತುಂಡು ತೆಗೆದು, ಹೊಸ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದ. ಎರಡು ಸಲ ಜಾರಿ ಬಿತ್ತು. ಮೂರನೇ ಸಲ ನಿಂತಿತು. ಬಗ್ಗಿ ಕಲೆಯನ್ನು ಉಜ್ಜತೊಡಗಿದ.

"ಮರದ ಎಳೆ ಹೋದ ಕಡೆ ಉಜ್ಜೋ," ಅಂದರು ಮಾವ. "ಅಡ್ಡಡ್ಡ ಅಲ್ಲ."

ಒಂದು ಗಂಟೆ ಉಜ್ಜಿದ. ಕೆಂಪು ಪುಡಿ ಉದುರಿ ಬೆಕ್ಕಿನ ಮರಿಗಳ ಮೇಲೆಲ್ಲ ಬಿತ್ತು. ಕಲೆ ಪೂರಾ ಹೋಯಿತು.

ಈಗ ಅಲ್ಲಿ ಅಂಗೈಯಗಲ ಬೆಳ್ಳಗಿನ ಜಾಗವಿದೆ, ಸುತ್ತಲಿನ ಹಳೆ ಮರಕ್ಕಿಂತ ಎದ್ದು ಕಾಣುವ ಹಾಗೆ. ಮಾವ ಊಟವಾದ ಮೇಲೆ ಹೋಗಿ ಅದರ ಎದುರು ಕೂರುತ್ತಾರೆ. ಎರಡು ಗಂಟೆ ಆಗುವಾಗ ಸೊಸೆ ಔಷಧಿ ಅಂಗಡಿಯಿಂದ ಫೋನು ಮಾಡುತ್ತಾಳೆ.

"ಎಲ್ಲಿದ್ದೀರಿ ಮಾವ?"

"ಮನೇಲೇ ಇದ್ದೀನಮ್ಮ," ಅನ್ನುತ್ತಾರೆ ಅವರು. "ಎದ್ದಿದ್ದೀನಿ."